ಮುಗಿಯಬಾರದ ಕಮಿಟಿ

ಸೂಪರ್ ಕಂಪ್ಯೂಟರು ಇನ್ನೂ ಹಡಗು ಹತ್ತಿರಲಿಲ್ಲ. ಬೆಳಗಾವಿಯಲ್ಲಿ ಅದರ ಸಲುವಾಗಿ ಜಗಳ ಮಾತ್ರ ಆಗಲೇ ಶುರುವಾಗಿತ್ತು.

ಎಂಬತ್ತೆಂಟನೆಯ ಇಸವಿಯ ಜೂನ್ ತಿಂಗಳು. ಮೊದಲ ಮಳೆಗೇ ಕಾಲೇಜಿನ ಕಂಪ್ಯೂಟರ್ ಕೋಣೆಯ ಮಾಳಿಗೆ ಸೋರುತ್ತಿತ್ತು. ಲೆಕ್ಚರರ್ ಕಾಂತಾ ಮಠಪತಿ ಇದ್ದೊಂದು ಹಳೆಯ ಯಂತ್ರಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ದುರಸ್ತಿಯವನ ದಾರಿ ಕಾಯುತ್ತ, ಬಾಗಿಲಿಗೂ ಕಿಟಕಿಗೂ ಅಡ್ಡಾಡುತ್ತಿದ್ದಳು. ಆಗ ಮೊಳಕಾಲ ತನಕ ಕೆಸರು ಮಾಡಿಕೊಂಡ ಎತ್ತರದ ಮನುಷ್ಯನೊಬ್ಬ ಛತ್ರಿ ಮಡಿಚುತ್ತ ಬಾಗಿಲಲ್ಲಿ ಬಂದು ನಿಂತ.

"ಈಗ ಬಂದ್ರೇನು? ಮುಂಜಾನಿಂದ ಹೇಳಿ ಕಳಿಸೇನಿ. ಅಲ್ನೋಡ್ರಿ, ಆ ಮೂಲ್ಯಾಗ ಸೋರಾಕತ್ತೇತಿ. ಮೊದ್ಲ ಒಂದು ಬಕೆಟ್ ಇಡ್ರಿ ಅಲ್ಲೆ."

ಅವನು ಮಾಳಿಗೆ ನೋಡಿದ, ಆಮೇಲೆ ಅವಳನ್ನು ನೋಡಿದ. ಚಪ್ಪಲಿ ಹೊರಗೆ ಬಿಟ್ಟು, ಬಕೆಟ್ ತಂದು ಸರಿಯಾಗಿ ಹನಿಯ ಕೆಳಗೆ ಇಟ್ಟ. ಇಟ್ಟವನು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ಒಮ್ಮೆ ಗಡಿಯಾರ, ಒಮ್ಮೆ ಹನಿ ನೋಡತೊಡಗಿದ.

"ಏನ್ ನೋಡ್ತೀರಿ?"

"ಹಿಂಗ ಬಿದ್ರ ಸಂಜೀ ತನಕ ಬಕೆಟ್ ತುಂಬೂದಿಲ್ರೀ. ನೀವು ಆರಾಮ ಮೀಟಿಂಗಿಗೆ ಬರ್ರಿ."

"ಮೀಟಿಂಗ್ ಐತಿ ಅಂತ ನಿಮಗ್ಯಾರ್ ಹೇಳಿದ್ರು?"

"ನಾನೂ ಅದಕ್ಕ ಬಂದೇನ್ರಿ."

ಅವನು ಚನ್ನಬಸಯ್ಯ ಹಿರೇಮಠ. ಖಾನಾಪುರದಲ್ಲಿ ಮಲಪ್ರಭೆಯ ನೆರೆ ಲೆಕ್ಕ ಹಾಕುವ ಕಚೇರಿಯ ಎಂಜಿನಿಯರ್. ಕಾಂತಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಪ್ರಿನ್ಸಿಪಾಲ್ ಗುರುಪುತ್ರಪ್ಪನವರು ಪರಿಚಯ ಮಾಡಿಸಲು ಬಾಯಿ ತೆರೆದರೆ ಅವನೇ ಹೇಳಿದ: "ಆಗೇತ್ರಿ ಸರ್. ಈ ಲೆಕ್ಚರರ್ ಬಾಯಾರು ನಾ ಬಂದ ಕೂಡ್ಲೇ ನಂಗ ಕೆಲಸಾನೂ ಕೊಟ್ರು."

ಅವಳು ಪೆನ್ಸಿಲ್ ಕೆತ್ತತೊಡಗಿದಳು. ಅದಕ್ಕೆ ಆಗಲೇ ಬೇಕಾದಷ್ಟು ಮೊನೆಯಿತ್ತು.

ವಿಷಯ ಇಷ್ಟೇ. ದಿಲ್ಲಿಯ ಒಂದು ಇಲಾಖೆ ಆ ಕಾಲೇಜಿಗೆ ಒಂದು ಸೂಪರ್ ಕಂಪ್ಯೂಟರ್ ಕೊಡಲು ಒಪ್ಪಿತ್ತು. ಅರ್ಧ ಕಾಲೇಜಿನ ಹುಡುಗರಿಗೆ, ಅರ್ಧ ಖಾನಾಪುರದ ನೆರೆ ಲೆಕ್ಕಕ್ಕೆ. ಆದರೆ ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ಎರಡೂ ಕಡೆಯವರು ಕೂಡಿ, ಒಂದೇ ಮಾತಿನಿಂದ ತೀರ್ಮಾನಿಸಬೇಕು. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಒಳಗೆ ಕೂತು ಕಾರಭಾರ ನೋಡುವವ. ಯಾರ ಕೆಲಸ ಮೊದಲು, ಯಾರದು ಆಮೇಲೆ, ಯಾರಿಗೆಷ್ಟು ಜಾಗ, ಎಲ್ಲ ಅವನ ಕೈಯಲ್ಲಿ. ಅವನಿಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರವೂ ಒಂದು ಕಬ್ಬಿಣದ ಕಪಾಟು.

ಕಾಂತಾಳಿಗೆ ಯುನಿಕ್ಸ್ ಬೇಕಾಗಿತ್ತು. ಅದು ಒಂದೇ ಹೊತ್ತಿಗೆ ಐವತ್ತು ಜನರನ್ನು ಕೂಡಿಸಿಕೊಂಡು ಎಲ್ಲರಿಗೂ ಚೂರು ಚೂರು ವೇಳೆ ಹಂಚುತ್ತದೆ. ಚನ್ನಬಸಯ್ಯನಿಗೆ ಯಂತ್ರ ಮಾಡಿದ ಕಂಪನಿಯವರದೇ ಬ್ಯಾಚ್ ಸಿಸ್ಟಮ್ ಬೇಕಾಗಿತ್ತು. ಅದು ಒಬ್ಬರ ಕೆಲಸ ಹಿಡಿದರೆ ಪೂರ್ತಿ ಮುಗಿಸಿಯೇ ಮುಂದಿನವರ ಕಡೆ ಕಣ್ಣೆತ್ತುತ್ತದೆ.

"ನಿಮ್ಮ ಯುನಿಕ್ಸ್ ಅಂದ್ರ ಲಗ್ನದ ಮನಿ ಇದ್ಧಂಗ್ರೀ," ಎಂದ ಅವನು. "ಬಂದಾವ್ರಿಗೆಲ್ಲಾ ಕುಂದರ್ರಿ, ಕುಂದರ್ರಿ. ಒಬ್ಬರ ಎಲಿಗೂ ಹೊತ್ತಿಗೆ ಅನ್ನ ಬೀಳೂದಿಲ್ಲ."

"ನಿಮ್ಮದು ಕಟಿಂಗ್ ಸಲೂನು," ಎಂದಳು ಅವಳು. "ಒಬ್ಬಾಂವ ಖುರ್ಚಿ ಹತ್ತಿದ್ರ ಉಳಿದಾವ್ರು ಗಡ್ಡಾ ಬೆಳಸ್ಕೋತ ಕುಂದರಬೇಕು."

ಚನ್ನಬಸಯ್ಯ ತನ್ನ ಎರಡು ದಿನದ ಗಡ್ಡ ಮುಟ್ಟಿ ನೋಡಿಕೊಂಡ. ಗುರುಪುತ್ರಪ್ಪನವರು ಮೀಸೆಯಲ್ಲಿ ನಕ್ಕು, "ಮುಂದಿನ ಶನಿವಾರ ಕೂಡೂಣು," ಎಂದರು.

ಹಾಗೆ ಶನಿವಾರಗಳು ಶುರುವಾದವು.

ಶನಿವಾರ ಮಧ್ಯಾಹ್ನದ ಪ್ಯಾಸೆಂಜರಿಗೆ ಅವನು ಖಾನಾಪುರದಿಂದ ಬರುತ್ತಿದ್ದ, ಸಂಜೆಯ ಗಾಡಿಗೆ ಮರಳುತ್ತಿದ್ದ. ನಡುವಿನ ಹೊತ್ತಿನಲ್ಲಿ ಇಬ್ಬರೂ ಮೇಜಿನ ಎರಡು ಮಗ್ಗುಲಿಗೆ ಕೂತು ಜಗಳಾಡುತ್ತಿದ್ದರು. ಪ್ರಿನ್ಸಿಪಾಲರು ನಡುವೆ ಕೂತು ಕಣ್ಣು ಮುಚ್ಚುತ್ತಿದ್ದರು. ಚಿಂತನೆಯೋ ನಿದ್ದೆಯೋ, ಯಾರೂ ಕೇಳಲಿಲ್ಲ. ಅಟೆಂಡರ್ ಬುಡನಸಾಬ ಚಹಾ ತರುತ್ತಿದ್ದ.

ಒಂದು ಶನಿವಾರ ಕಾಂತಾಳ ಚಹಾದಲ್ಲಿ ಶುಂಠಿಯ ಘಮ. ಮರು ಶನಿವಾರವೂ. ದಿನಾ ಕ್ಲಾಸಿನಲ್ಲಿ ಕೂಗಿ ಒಡೆದುಹೋದ ಗಂಟಲಿಗೆ ಅದು ಹಿತವಾಗಿತ್ತು.

"ಬುಡನಸಾಬಣ್ಣ, ನನ್ನ ಗಂಟಲಾ ಕೆಟ್ಟದ್ದು ನಿಮಗ ಹೆಂಗ ಗೊತ್ತಾತು?"

"ನಂಗೆಲ್ಲಿ ಗೊತ್ತ್ರೀ ಬಾಯಾರ. ಖಾನಾಪುರದ ಸಾಹೇಬ್ರು ಹಸಿಶುಂಠಿ ತಂದು ನನ್ನ ಕೈಯಾಗ ಕೊಟ್ಟು, 'ಒಂದ ಕಪ್ಪಿಗೆ ಅಷ್ಟ' ಅಂತ ಹೇಳಿ ಹೋಗ್ಯಾರ."

ಆ ದಿನ ಅವಳು ಮೆಮೊರಿ ಹಂಚಿಕೆಯ ಬಗ್ಗೆ ಬಹಳ ಕೆಟ್ಟದಾಗಿ ವಾದಿಸಿದಳು.

ಮನೆಯಲ್ಲಿ, ಶಿವಬಸವ ನಗರದಲ್ಲಿ, ತಾಯಿ ನಿಂಗವ್ವನಿಗೂ ಈ ಕಮಿಟಿಯ ಮೇಲೆ ಕಣ್ಣಿತ್ತು. ಗೋಕಾಕದ ಬ್ಯಾಂಕ್ ಆಫೀಸರನೊಬ್ಬನ ಕಡೆಯಿಂದ ಲಗ್ನದ ಬೇಡಿಕೆ ಬಂದಿತ್ತು. ಕಾಂತಾ ಉತ್ತರ ಕೊಡದೆ ತಪ್ಪಿಸಿಕೊಳ್ಳಲು, "ಕಮಿಟಿ ಮುಗೀಲಿ, ಆಮ್ಯಾಲ ಹೇಳ್ತೇನಿ," ಎಂದುಬಿಟ್ಟಿದ್ದಳು. ಅಂದಿನಿಂದ ಸೂಪರ್ ಕಂಪ್ಯೂಟರಿನ ಸುದ್ದಿಯನ್ನು ದಿಲ್ಲಿಯವರಿಗಿಂತ ಹೆಚ್ಚು ಕಾಳಜಿಯಿಂದ ವಿಚಾರಿಸುತ್ತಿದ್ದವಳು ನಿಂಗವ್ವನೇ.

"ಇವತ್ತರ ಮುಗೀತೇನ?"

"ಇಲ್ಲವ್ವ."

"ಎಂಥಾ ಮಶೀನವಾ ಅದು? ನಾ ಹೊಲಿಗಿ ಮಶೀನ್ ಒಂದ ಹೊತ್ತಿನ್ಯಾಗ ಆರಿಸಿ ತಂದೆ."

ಆಗಸ್ಟಿನಲ್ಲಿ ಒಂದು ಸಹಿಯ ನೆಪ ಮಾಡಿಕೊಂಡು ಕಾಂತಾ ಖಾನಾಪುರಕ್ಕೆ ಹೋದಳು. ಸಹಿ ಶನಿವಾರವೂ ಆಗಬಹುದಿತ್ತು, ಅದು ಮಂಗಳವಾರ. ಬಸ್ಸಿನಲ್ಲಿ ಕೂತು ಅವಳು ಬ್ಯಾಗಿನ ಜಿಪ್ ತೆಗೆದಳು, ಹಾಕಿದಳು. ಬಾಜೂಕ ಕೂತ ಮುದುಕಿ ಕೊನೆಗೆ ಮರಾಠಿಯಲ್ಲಿ, "ಏನಾದರೂ ಕಳೆದುಕೊಂಡೆಯೇನು ಮಗಳೇ?" ಎಂದು ಕೇಳಿದಳು.

ಕಚೇರಿಯಲ್ಲಿ ಚನ್ನಬಸಯ್ಯ ಅವಳು ಬಂದದ್ದನ್ನೂ ನೋಡಲಿಲ್ಲ. ಮೇಲಿನ ಕಾಡಿನಲ್ಲಿ ಹಿಂದಿನ ದಿನದಿಂದ ಬಿಡದ ಮಳೆ. ಅವನ ಮುಂದೆ ಒಂದು ಕ್ಯಾಲ್ಕ್ಯುಲೇಟರು, ಕಾಗದದ ರಾಶಿ, ಭುಜ ಮತ್ತು ಕಿವಿಯ ನಡುವೆ ಫೋನು. ಕಾಂತಾ ಏನೂ ಕೇಳದೆ ಇನ್ನೊಂದು ಕುರ್ಚಿ ಎಳೆದುಕೊಂಡು ಅರ್ಧ ಕಾಗದ ತನ್ನ ಕಡೆ ಸರಿಸಿಕೊಂಡಳು. ಅವನು ಅಂಕಿ ಹೇಳಿದ, ಅವಳು ಕೂಡಿಸಿದಳು. ಹೊಳೆ ಎಷ್ಟು ಏರುತ್ತದೆ, ಯಾವ ಊರಿಗೆ ಯಾವಾಗ ಮುಟ್ಟುತ್ತದೆ, ಒಂದೊಂದು ಸಾಲಾಗಿ ಉತ್ತರ ಬಂತು.

ಉತ್ತರ ಹೇಳಲು ಅವನು ಹೊಳೆದಂಡೆಯ ಊರಿಗೆ ಫೋನ್ ತಿರುಗಿಸಿದ. ಆ ಕಡೆಯವರು ಹೇಳಿದ್ದನ್ನು ಕೇಳಿ ಮೆಲ್ಲಗೆ ಕೆಳಗಿಟ್ಟ.

"ಲೆಕ್ಕ ಬರೊಬ್ಬರಿ ಬಂತ್ರೀ," ಎಂದ. "ನೀರು ಅದಕ್ಕಿಂತ ಮೊದ್ಲ ಬಂತು."

ಮನುಷ್ಯರು ಉಳಿದಿದ್ದರು. ಉಟ್ಟ ಬಟ್ಟೆಯಲ್ಲಿ ದಿಬ್ಬ ಹತ್ತಿದ್ದರು. ಕಟ್ಟಿದ ಆಡುಗಳನ್ನು ಬಿಚ್ಚಲು ಮಾತ್ರ ಯಾರಿಗೂ ಹೊತ್ತು ಸಿಕ್ಕಿರಲಿಲ್ಲ. ಚನ್ನಬಸಯ್ಯ ಎರಡು ಅಂಗೈಗಳಿಂದ ಕಣ್ಣು ಒತ್ತಿಕೊಂಡ. ಆಮೇಲೆ ಅವಳ ಕಡೆ ತಿರುಗಿ, ಆಗಷ್ಟೇ ಕಂಡವನಂತೆ ಗಡಿಬಿಡಿಯಿಂದ ಎದ್ದ.

"ಊಟಾ ಆಗಿಲ್ಲ ಹೌದಲ್ರೀ ನಿಮ್ದು? ಎಷ್ಟೊತ್ತಾತು ಬಂದು? ನಾ ನೀರೂ ಕೇಳಲಿಲ್ಲ."

ಕಾಂತಾ ಆ ಕ್ಷಣಕ್ಕೇ ಸೋತುಹೋದಳು. ವಾದದಲ್ಲೂ ಸೋತಳು. ಇವನ ಒಂದು ಲೆಕ್ಕಕ್ಕೆ ಇಡೀ ಯಂತ್ರ ಬೇಕು, ಪೂರ್ತಿ ಬೇಕು, ಮಳೆಗಿಂತ ಮೊದಲೇ ಬೇಕು. ಐವತ್ತು ಜನ ಕಾಯಲಿ, ಏನೂ ಆಗುವುದಿಲ್ಲ.

ಹೇಳಲು ಬಾಯಿ ತೆರೆದಳು. ಹೇಳಿದರೆ ಕಮಿಟಿ ಮುಗಿಯಿತು. ಕಮಿಟಿ ಮುಗಿದರೆ ಶನಿವಾರ ಮುಗಿಯಿತು, ಗೋಕಾಕದವರು ಬಂದರು.

"ಸಹಿ ಮಾಡ್ರಿ ಇಲ್ಲೆ," ಎಂದಳು.

ಮುಂದಿನ ಶನಿವಾರ ಅವಳು ಯುನಿಕ್ಸ್ ಪರವಾಗಿ ಹಿಂದೆಂದೂ ಇಲ್ಲದಷ್ಟು ಬಿರುಸಾಗಿ ಮಾತಾಡಿದಳು. ತನ್ನ ದನಿ ತನಗೇ ಸುಳ್ಳು ಅನಿಸುತ್ತಿತ್ತು. ಚನ್ನಬಸಯ್ಯ ಕತ್ತು ಓರೆ ಮಾಡಿ ಕೇಳಿದ. ಅವಳ ಪ್ರತಿ ಮಾತಿಗೂ ಅವನ ಬಲ ಹುಬ್ಬು ಒಂದು ಕೂದಲೆಳೆಯಷ್ಟು ಏರುತ್ತಿತ್ತು. ಆ ಹುಬ್ಬು ಎಲ್ಲಿಯ ತನಕ ಏರುತ್ತದೆಂದು ನೋಡಲು ಅವಳು ಇನ್ನೂ ನಾಲ್ಕು ಮಾತು ಹೆಚ್ಚು ಆಡಿದಳು.

ರಾತ್ರಿ ನಿದ್ದೆ ಕೆಟ್ಟಿತು. ಹಗಲು ಕರಿಹಲಗೆಯ ಮೇಲೆ ಬರೆದದ್ದನ್ನೇ ಮತ್ತೆ ಬರೆದಳು. ಶುಕ್ರವಾರ ಬಂದರೆ ಶನಿವಾರ ಯಾವಾಗ ಎನ್ನುವ ಅವಸರ. ಶನಿವಾರ ಬಂದರೆ ಇವತ್ತು ಅವನೇ ಒಪ್ಪಿಬಿಟ್ಟರೆ ಎನ್ನುವ ದಿಗಿಲು.

ಆದರೆ ಅವನು ಒಪ್ಪಲಿಲ್ಲ. ನವರಾತ್ರಿಗೆ ಮೊದಲು ಅಂಥದೊಂದು ಸಂದರ್ಭ ಬಂದಿತ್ತು. ಅಂದು ಅವನು ಬೇಗ ಬಂದವನು, ಕಾಲೇಜಿನ ಹಳೆಯ ಯಂತ್ರದ ಮೇಲೆ ತನ್ನ ಕಚೇರಿಯ ಲೆಕ್ಕಕ್ಕೆ ಒಂದು ತಾಸು ಕೇಳಿ ಪಡೆದಿದ್ದ. ಕಾಂತಾ ಹೋಗಿ ನೋಡಿದರೆ ಅವನ ಜಾಗದಲ್ಲಿ ಬೀಡಿ ಎಂಬ ಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ವಿದ್ಯಾರ್ಥಿನಿ ದಿಲಶಾದ ಕೂತಿದ್ದಳು. ಚನ್ನಬಸಯ್ಯ ಹೊರಗೆ ಮೆಟ್ಟಿಲ ಮೇಲೆ ಅವಳ ಪುಸ್ತಕ, ಛತ್ರಿ, ಬುತ್ತಿಯ ಡಬ್ಬಿ ಕಾಯುತ್ತಿದ್ದ.

"ಇದೇನ್ರೀ?"

"ಪಾಪ, ಮುಂಜಾನಿಂದ ಪಾಳಿ ಹಚ್ಚಿ, ಕಡೀಕ ಅಳಾಕತ್ತಿತ್ರಿ ಆ ಹುಡುಗಿ. ಹಿಂದಿನ ವಾರಾನೂ ಪಾಳಿ ಬರೂದ್ರಾಗ ಬಸ್ಸಿನ ಹೊತ್ತಾಗಿ ಹೊಳ್ಳಿ ಹೋಗಿತ್ತಂತ." ಅವನು ಬುತ್ತಿಯ ಡಬ್ಬಿಯನ್ನು ಒಂದು ಮೊಣಕಾಲಿಂದ ಇನ್ನೊಂದಕ್ಕೆ ಬದಲಿಸಿದ. ಏನೋ ಹೇಳುವವನಂತೆ ಅವಳನ್ನು ನೋಡಿದ. ಆಮೇಲೆ, "ನಡೀರಿ, ಜಗಳಕ್ಕ ಹೊತ್ತಾತು," ಎಂದ.

ದೀಪಾವಳಿ ಮುಗಿದ ಮೇಲೆ ದಿಲ್ಲಿಯಿಂದ ಟೆಲಿಗ್ರಾಮ್ ಬಂತು. ಬರುವ ಶನಿವಾರದೊಳಗೆ ತೀರ್ಮಾನ ತಿಳಿಸದಿದ್ದರೆ ಯಂತ್ರ ಬೇರೆ ಊರಿಗೆ ಹೋಗುತ್ತದೆ.

"ನೋಡ್ರೆವ್ವಾ," ಎಂದರು ಗುರುಪುತ್ರಪ್ಪನವರು, ಕಾಂತಾಳನ್ನು ಕೂಡಿಸಿಕೊಂಡು. "ಮಶೀನ್ ಬಂದಿಲ್ಲಂದ್ರ ನಿಮ್ಮ ಹುಡುಗ್ರಿಗೂ ಇಲ್ಲ, ಹಿರೇಮಠರ ಹೊಳಿಗೂ ಇಲ್ಲ. ಹಟಾ ಸಾಕು."

ಅವಳಿಗೆ ನಾಚಿಕೆಯಾಯಿತು. ತನ್ನ ಶನಿವಾರಗಳಿಗಾಗಿ ಅವನ ಹೊಳೆಯನ್ನು ಪಣಕ್ಕಿಟ್ಟಂತಾಗಿತ್ತಲ್ಲ. ಮನೆಗೆ ಹೋಗಿ ತಾಯಿಗೆ ತಾನಾಗಿಯೇ ಹೇಳಿದಳು: "ಶನಿವಾರ ಮುಗೀತದವ್ವ."

ನಿಂಗವ್ವ ಅದೇ ಗಳಿಗೆಗೆ ಗೋಕಾಕದವರನ್ನು ರವಿವಾರಕ್ಕೆ ಬರಹೇಳಿದಳು.

ಶನಿವಾರ ಚನ್ನಬಸಯ್ಯ ನುಣ್ಣಗೆ ಗಡ್ಡ ಹೆರೆದುಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ. ಬೀಳ್ಕೊಡುಗೆಗೆ ಬಂದವನ ಹಾಗೆ ಕಂಡ. ಕಾಂತಾ ಅವನ ಕಾಲರು ಬಿಟ್ಟು ಮೇಲೆ ನೋಡಲಿಲ್ಲ.

"ಸರ್, ನಂದು ಸಣ್ಣ ಮಾತೈತಿ," ಎಂದು ಅವಳೇ ಶುರು ಮಾಡಿದಳು. "ನಾ ಸೋತೇನಿ. ಹಿರೇಮಠರು ಹೇಳೂದ ಖರೇ. ಬ್ಯಾಚ್ ಸಿಸ್ಟಮ್ಮ ಇರ್ಲಿ."

ಗುರುಪುತ್ರಪ್ಪನವರು ಕೈ ಮುಗಿದರು. "ಶರಣು. ಬರೀರಿ ಹಂಗಾರ."

"ಬರೀಬ್ಯಾಡ್ರಿ!" ಚನ್ನಬಸಯ್ಯ ಎದ್ದೇ ನಿಂತಿದ್ದ. "ಇದು ಆಗೂದಿಲ್ರಿ ಸರ್. ಸೋತಾಂವ ನಾನು. ಬಾಯಾರು ಹೇಳೂದ ಬರೊಬ್ಬರಿ ಐತಿ. ಯುನಿಕ್ಸ್ ಹಾಕ್ರಿ."

"ನೀವ್ಯಾಕ್ ಸೋಲ್ತೀರಿ?" ಕಾಂತಾ ಅವನ ಕಡೆ ತಿರುಗಿದಳು. "ಮಳಿ ಬಂದು ಹೋದಮ್ಯಾಲ ಲೆಕ್ಕ ತಗೊಂಡು ಏನ್ ಮಾಡ್ತೀರಿ? ಅದು ಲಗ್ನದ ಮನಿ, ಒಬ್ಬರ ಎಲಿಗೂ ಅನ್ನ ಬೀಳೂದಿಲ್ಲ!"

"ನಿಮ್ಮ ಹುಡುಗ್ರು ಗಡ್ಡಾ ಬೆಳಸ್ಕೋತ ಕುಂದರಬೇಕೇನು? ಊರಿಂದ ಬಂದ ಹುಡುಗಿ ದಿನಾ ಹಂಗ ಹೊಳ್ಳಿ ಹೋಗಬೇಕೇನು? ಸಲೂನ್ ಐತ್ರಿ ಅದು, ಸಲೂನು!"

"ಆಡು ಹೋದವು ನೆನಪೈತೇನು?"

"ಹುಡುಗಿ ಅತ್ತದ್ದು ನೀವು ನೋಡೀರೇನು?"

ಗುರುಪುತ್ರಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಬ್ಬರೂ ಕೂತ ಕುರ್ಚಿಗಳು ಮೊದಲಿನವೇ ಇದ್ದವು. ಮಾತು ಮಾತ್ರ ಮೇಜು ದಾಟಿ ಅದಲು ಬದಲಾಗಿತ್ತು.

"ತಡೀರಿ, ತಡೀರಿ. ಬಾಯಾರ, ನಿಮ್ಮ ಮನಸ್ಸು ಬದಲಾದದ್ದು ಯಾವಾಗ?"

"ಆಗಸ್ಟಿನ್ಯಾಗ, ಸರ್."

"ಹಿರೇಮಠ, ನಿಮ್ದು?"

"ನವರಾತ್ರಿಗಿಂತ ಮೊದ್ಲ್ರೀ."

"ದೀಪಾವಳಿ ಪಟಾಕ್ಷಿ ಹಾರಿಸಿ ಮುಗದೈತಿ! ಮತ್ತ ಇಷ್ಟ ದಿನಾ ನನ್ನ ನಡುವ ಕುಂದರಿಸಿಕೊಂಡು ಯಾಕ ಹೊಡದಾಡಿದ್ರಿ?"

ಕಾಂತಾ ಮೇಜಿನ ಅಂಚನ್ನು ಉಗುರಿಂದ ಗೀರಿದಳು. ಚನ್ನಬಸಯ್ಯ ಫ್ಯಾನಿನ ರೆಕ್ಕೆ ನೋಡಿದ. ಕಿವಿ ಮಾತ್ರ ಇಬ್ಬರವೂ ಕೆಂಪಾಗಿದ್ದವು. ಚಹಾದ ತಾಟು ಹಿಡಿದು ಬಂದ ಬುಡನಸಾಬ ಬಾಗಿಲಲ್ಲಿಯೇ ನಿಂತು, ಮೂವರ ಮುಖ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆ ಇಟ್ಟ.

ಗುರುಪುತ್ರಪ್ಪನವರ ಮುಖದಲ್ಲಿ ಏನೋ ಮೆಲ್ಲಗೆ ಬೆಳಗಿತು. ಅವರು ಕೋಲು ತೆಗೆದುಕೊಂಡು ಎದ್ದರು.

"ನಾ ಹೊರಗ ಚಹಾ ಕುಡದು ಬರ್ತೇನಿ. ಬರೂದ್ರಾಗ ಎರಡೂ ನಿರ್ಣಯ ಆಗಿರಬೇಕು."

"ಎರಡ್ಯಾವು ಸರ್?" ಎಂದ ಚನ್ನಬಸಯ್ಯ.

"ಎಂಜಿನಿಯರ್ ಇದ್ದೀರಿ. ಎಣಿಸ್ಕೊಳ್ರಿ."

ಬಾಗಿಲು ಮುಚ್ಚಿತು. ಇಬ್ಬರೇ ಉಳಿದಾಗ ಅಷ್ಟು ದೊಡ್ಡ ಮೇಜೂ ಸಣ್ಣದಾದಂತಿತ್ತು.

"ನವರಾತ್ರಿಗೇ ಯಾಕ ಹೇಳಲಿಲ್ಲ?" ಕಾಂತಾ ಕೇಳಿದಳು.

"ಹೇಳಿದ್ರ ನನ್ನ ಶನಿವಾರ ಹೋಗತಿತ್ರಿ." ಅವನು ಮೇಜಿಗೇ ಹೇಳಿದ. "ಖಾನಾಪುರದಾಗ ನಂಗ ಭಾಳ ಮಂದಿ ಹೌದು ಅನ್ನಾವ್ರು ಅದಾರ. ಇಲ್ಲ ಅಂತ ಕಣ್ಣಾಗ ಕಣ್ಣಿಟ್ಟು ಹೇಳಾವ್ರು ನೀವೊಬ್ಬರ. ಆ ಇಲ್ಲಾ ಕೇಳಾಕ ನಾ ವಾರಗಟ್ಲೆ ಕಾಯತಿದ್ದೆ." ಆಮೇಲೆ ತಾನೂ ಕೇಳಿದ, "ನೀವ್ಯಾಕ ಆಗಸ್ಟಿನ್ಯಾಗ ಹೇಳಲಿಲ್ಲ?"

"ಶುಂಠಿ ಹಾಕಿದ ಚಹಾ ನಿಲ್ಲತಿತ್ತು."

ಅವನು ತಲೆಯೆತ್ತಿದ. ಅವಳೂ ಎತ್ತಿದಳು. ಇಷ್ಟು ದಿನ ಎದುರುಬದುರು ಕೂತಿದ್ದರೂ ಒಬ್ಬರ ಕಣ್ಣುಗಳನ್ನೊಬ್ಬರು ವಾದದ ಮರೆಯಿಂದಲೇ ನೋಡಿದ್ದರು. ಈಗ ಮರೆಗೆ ಏನೂ ಉಳಿದಿರಲಿಲ್ಲ. ಅವನ ಬಲ ಹುಬ್ಬು ನಿಧಾನಕ್ಕೆ ಏರಿತು. ಅವಳು ನಕ್ಕುಬಿಟ್ಟಳು.

"ನಾಳೆ ನಮ್ಮ ಮನಿಗೆ ಗೋಕಾಕದಿಂದ ಹೆಣ್ಣು ನೋಡಾಕ ಬರಾವ್ರದಾರ," ಎಂದಳು, ನಗು ಇನ್ನೂ ಆರುವ ಮೊದಲೇ.

ಅವನ ಹುಬ್ಬು ಇಳಿಯಿತು. "ನೀವೇನ್ ಹೇಳೀರಿ?"

"ಏನೂ ಹೇಳಿಲ್ಲ. ಕಮಿಟಿ ಮುಗೀಲಿ ಅಂದೇನಿ."

"ನಾ ಇವತ್ತ ಬಂದು ನಿಮ್ಮ ಅವ್ವಾರನ್ನ ಕಂಡ್ರ..." ಅವನು ಗಂಟಲು ಸರಿಮಾಡಿಕೊಂಡ. "ಕಾಂತಾ, ನಿಮ್ಮ ಒಪ್ಪಿಗಿ ಐತೇನು? ಜಗಳಾಡಬ್ಯಾಡ್ರಿ ಈಗ. ಒಂದ ಮಾತು."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಒಂದೇ ಮಾತು ಹೇಳಿದಳು. "ಐತಿ."

ಹೊರಗೆ ಗುರುಪುತ್ರಪ್ಪನವರು ಜೋರಾಗಿ ಕೆಮ್ಮಿದರು. ಕಾಂತಾ ಗಡಿಬಿಡಿಯಿಂದ ಕಾಗದ ಎಳೆದುಕೊಂಡಳು.

"ಮಶೀನಿಂದು ಏನ್ ಬರೀಲಿ? ಲಗೂನ ಹೇಳ್ರಿ. ಯುನಿಕ್ಸಿನ್ಯಾಗ ಸಿಂಗಲ್ ಯೂಸರ್ ಅಂತ ಒಂದು ರೀತಿ ಐತಿ. ಉಳಿದಾವ್ರನ್ನೆಲ್ಲಾ ಹೊರಗ ಕಳಿಸಿ, ಬಾಗಲಾ ಹಾಕಿ, ಇಡೀ ಮಶೀನ್ ಒಬ್ಬರ ಕೈಗೆ ಕೊಡೂದು. ದಿನಾ ಹುಡುಗ್ರಿಗಿರ್ಲಿ. ಮಳಿ ಹೆಚ್ಚಾದಾಗ ನೀವು ಒಂದು ಫೋನ್ ಮಾಡ್ರಿ, ನಾ ಎಲ್ಲಾರನ್ನೂ ಎಬ್ಬಸ್ತೇನಿ."

"ಎಬ್ಬಸೂದು ಬ್ಯಾಡ್ರಿ. ಹೊಳಿ ಬರಾಕತ್ತೇತಿ ಅಂತ ಹೇಳಿದ್ರ ತಾವ ಏಳ್ತಾರ." ಅವನು ತಡೆದು ಅವಳನ್ನು ಸಂಶಯದಿಂದ ನೋಡಿದ. "ಈ ಸಿಂಗಲ್ ಯೂಸರಿನ ಮಾತು ನಿಮಗ ಯಾವಾಗಿಂದ ಗೊತ್ತು?"

"ಜೂನಿನಿಂದ," ಎಂದಳು ಕಾಂತಾ, ಬರೆಯುತ್ತ. "ಮ್ಯಾನ್ಯುಅಲ್‌ನ್ಯಾಗ ಐತಿ. ನೀವು ಓದಿಲ್ಲೇನು?"

"ಓದೇನ್ರಿ," ಎಂದ ಅವನು. "ನಾನೂ ಜೂನಿನ್ಯಾಗ."

ಬಾಗಿಲು ತೆರೆದ ಗುರುಪುತ್ರಪ್ಪನವರಿಗೆ ಇಬ್ಬರೂ ಮೇಜಿನ ಮೇಲೆ ಬಾಗಿ, ಉಸಿರು ಸಿಗದಷ್ಟು ನಗುತ್ತಿರುವುದು ಕಂಡಿತು. ಅವರು ಸಹಿ ಹಾಕಲು ಪೆನ್ನು ತೆಗೆದರು. ಎರಡನೆಯ ನಿರ್ಣಯ ಏನಾಯಿತೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಬುಡನಸಾಬ ತಾನಾಗಿಯೇ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ ತಂದಿದ್ದ.

ಸಂಜೆ ಕಾಂತಾ ತನ್ನ ಲೂನಾ ಗಾಡಿಯನ್ನು ದಬ್ಬಿಕೊಂಡು, ಚನ್ನಬಸಯ್ಯ ಅದರ ಆಚೆ ಮಗ್ಗುಲಿಗೆ, ಇಬ್ಬರೂ ನಡೆಯುತ್ತ ಶಿವಬಸವ ನಗರದ ದಾರಿ ಹಿಡಿದರು. ಲೂನಾದ ಹಿಂದೆ ಕೂತು ಬರಲು ಅವನಿಗೆ ಧೈರ್ಯವಿರಲಿಲ್ಲ. ಕೂಡಿಸಿಕೊಂಡು ಹೋಗಲು ಅವಳಿಗಿತ್ತು, ಆದರೆ ನಡೆದರೆ ದಾರಿ ಉದ್ದವಾಗುತ್ತದೆ. ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು. ಸೈಕಲ್ಲು, ಟಾಂಗಾ, ಸ್ಕೂಟರುಗಳ ನಡುವೆ ಅವರೂ ನಿಂತರು.

"ನಿಮ್ಮ ಅವ್ವಾರಿಗೆ ಮೊದ್ಲ ಏನ್ ಹೇಳೂದ್ರಿ?" ಅವನು ಅಂಗಿಯ ತೋಳು ಇಳಿಸಿದ, ಮಡಿಚಿದ, ಮತ್ತೆ ಇಳಿಸಿದ. "ನಮಸ್ಕಾರ ಮಾಡಿ ಕೂಡ್ಲೇ ಹೇಳ್ಲೋ, ಚಹಾ ಆದಮ್ಯಾಲ ಹೇಳ್ಲೋ?"

"ನೀವು ಹೇಳೂದ್ರಾಗ ಅವ್ವನ ಹತ್ತು ಮಾತು ಕೇಳಿರ್ತಾಳ. ಎಲ್ಲಾದಕ್ಕೂ ಹೂಂ ಅನಬ್ಯಾಡ್ರಿ ಮತ್ತ. ಗೋಕಾಕದವರು ಭಾಳ ಚಲೋ ಮಂದಿ ಅಂತಾಳ, ಅದಕ್ಕೂ ಹೂಂ ಅಂದ್ರ ನಾ ಅವ್ವನ ಪಾರ್ಟಿ."

"ಇಲ್ಲ ಅನ್ನೂದು ನಂಗ ಬರೂದಿಲ್ರಿ. ಅದು ನಿಮ್ಮ ಇಲಾಖೆ."

"ಕಲೀರಿ. ಇನ್ನ ದಿನಾ ಬೇಕಾಕ್ಕೈತಿ."

ನೆಲ ನಡುಗಿತು. ಖಾನಾಪುರದ ಕಡೆ ಹೋಗುವ ಗಾಡಿ ಕಿಟಕಿಗಳ ತುಂಬ ಜನರನ್ನು ಹೊತ್ತುಕೊಂಡು, ಹೊಗೆ ಬಿಡುತ್ತ, ಅವರ ಮುಂದೆಯೇ ದಡದಡ ಹಾದುಹೋಯಿತು. ಕೊನೆಯ ಡಬ್ಬಿ ತಿರುವು ದಾಟಿ ಮರೆಯಾಯಿತು.

"ನಿಮ್ಮ ಗಾಡಿ ಹೋತ್ರೀ," ಎಂದಳು ಕಾಂತಾ.

ಅವನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಯಾವ ಗಾಡಿ?"

ಗೇಟು ಎತ್ತಿದರು. ಹಿಂದಿದ್ದ ಟಾಂಗಾದವನು ಎರಡು ಸಲ ಗಂಟೆ ಬಾರಿಸಿ, ಆಮೇಲೆ ಅವರಿಬ್ಬರನ್ನೂ ನೋಡಿ, ಕುದುರೆಯನ್ನು ಮೆಲ್ಲಗೆ ಪಕ್ಕದಿಂದ ಹೊಡೆದುಕೊಂಡು ಹೋದ.